ಬಿಳಿಮೀನಿನ ಮಡು

ಹೊಳೆಯ ಮಾತು ಕೇಳಬೇಕಾದರೆ ಡೇರೆಯಲ್ಲೇ ಮಲಗಬೇಕು. ಗೋಡೆಯ ಹಿಂದೆ ಕಿವಿ ಕಿವುಡು. ಭೀಮೇಶ್ವರಿಯ ಕಾಡಿನಲ್ಲಿ, ಕಾವೇರಿ ದಂಡೆಯ ಹೊಳೆಮತ್ತಿಗಳ ಕೆಳಗೆ ಒಂದು ರಾತ್ರಿ ಹಾಗೆ ಮಲಗಿದ್ದೆ. ನಡುರಾತ್ರಿ ಮಡುವಿನಲ್ಲಿ ‘ದುಡುಂ’ ಎಂದಿತು. “ಬಿಳಿಮೀನು ಸ್ವಾಮಿ” ಎಂದರು ಕಾವಲಿನ ಮುದುಕರು, ಮನೆಯ ಮಗುವಿನ ಹೆಸರು ಹೇಳಿದಂತೆ.

ಬಿಳಿಮೀನೆಂದರೆ ಮಹಶೀರ್. ಗೂನುಬೆನ್ನಿನ ಈ ಜಾತಿ ಕಾವೇರಿಯನ್ನೂ ಅದರ ಉಪನದಿಗಳನ್ನೂ ಬಿಟ್ಟರೆ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕಿದ್ದು 120 ಪೌಂಡು ತೂಗಿತ್ತು. ಗಾಳದವರೆಲ್ಲ ಬಲ್ಲ ಈ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು. ನಾಮಕರಣದ ದಿನವೇ ಜಾತಕ ಕೆಟ್ಟಂತೆ!

ಮುದುಕರಿಗೆ ಈ ಪಟ್ಟಿಗಳ ಗೊಡವೆಯಿಲ್ಲ. ಮಡುವಿನಲ್ಲಿ ಸದ್ದಾಗುವವರೆಗೆ ಮೀನಿದೆ. ಅಷ್ಟೇ ಅವರ ಲೆಕ್ಕ. ಆ ಲೆಕ್ಕ ತಪ್ಪದಿರಲಿ.