ಉತ್ತರ ಸಿಗುತ್ತದೆ, ಪ್ರಶ್ನೆ ಯಾರದು?

ಸಿಇಟಿ ಫಲಿತಾಂಶ ಬರುವ ದಿನಗಳಲ್ಲಿ ಮದುವೆ ಮನೆಗಳಲ್ಲಿ ಇಂಜಿನಿಯರುಗಳಿಗೆ ಎಲ್ಲಿಲ್ಲದ ಬೇಡಿಕೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಮಗನ ರ್‍ಯಾಂಕು ಹೇಳಿ, ಯಾವ ವಿಭಾಗ ಒಳ್ಳೆಯದು ಎಂದು ಕೇಳುತ್ತಾರೆ. ಮೊದಲೆಲ್ಲ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಈಗ ಪಾಯಸ ಬರುವಷ್ಟರಲ್ಲಿ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಅಲ್ಲ ಸಾರ್, ಪ್ರೋಗ್ರಾಂ ಬರೆಯೋದನ್ನೆಲ್ಲ ಈಗ ಕಂಪ್ಯೂಟರೇ ಮಾಡುತ್ತಂತಲ್ಲ, ನಾಲ್ಕು ವರ್ಷ ಓದಿಸಿ ಏನು ಪ್ರಯೋಜನ?"

ಇದು ಉಡಾಫೆಯ ಪ್ರಶ್ನೆಯಲ್ಲ. ಸಾಲ ಮಾಡಿ ಫೀಸು ಕಟ್ಟುವವರು ಕೇಳಲೇಬೇಕಾದ ಪ್ರಶ್ನೆ. ಇಪ್ಪತ್ತು ವರ್ಷಗಳಿಂದ ಸರ್ಕೀಟು, ಪ್ರೋಗ್ರಾಂ ಎರಡರ ನಡುವೆ ಬದುಕಿದವನು ನಾನು. ಈಚಿನ ಮೂರು ವರ್ಷಗಳಿಂದ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡುತ್ತಿದ್ದೇನೆ. ನಾನು ಕಂಡ ಮೂರು ಪ್ರಸಂಗಗಳನ್ನು ಇಲ್ಲಿ ಹೇಳುತ್ತೇನೆ. ತೀರ್ಮಾನ ಓದುಗರಿಗೆ ಬಿಟ್ಟದ್ದು.

ಮೊದಲು ಈ ಸಹಾಯಕ ಯಾರು ಎಂದು ತಿಳಿಯೋಣ. ಪ್ರೋಗ್ರಾಂ ಬರೆಯುವವರಿಗೆ ಮುಂದಿನ ಸಾಲನ್ನು ಸೂಚಿಸುವ 'ಕೋಪೈಲಟ್' 2021ರಲ್ಲಿ ಬಂತು. 2022ರ ನವೆಂಬರ್ ಕೊನೆಯಲ್ಲಿ 'ಚಾಟ್‌ಜಿಪಿಟಿ' ಬಂದ ಮೇಲೆ ವಿಷಯ ಮನೆಮನೆಗೆ ತಲುಪಿತು. ಆಮೇಲೆ ಇಂಥವು ಹತ್ತಾರು ಬಂದಿವೆ. ನಾನು ಬಳಸುವುದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಎಲ್ಲದರ ಮೂಲ ಒಂದೇ. ಅಪಾರ ಬರಹವನ್ನು ಯಂತ್ರಕ್ಕೆ ಉಣಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಕಲಿಸಿರುತ್ತಾರೆ. ಪ್ರೋಗ್ರಾಮೂ ಒಂದು ಬಗೆಯ ಬರಹವೇ ಆದ್ದರಿಂದ ಅದನ್ನೂ ಬರೆಯುತ್ತದೆ. ಈಚಿನವಂತೂ ತಾವು ಬರೆದದ್ದನ್ನು ತಾವೇ ಓಡಿಸಿ ನೋಡಿ ತಿದ್ದಿಕೊಳ್ಳುತ್ತವೆ. ನನಗೆ ಎರಡು ಸಂಜೆ ಹಿಡಿಯುತ್ತಿದ್ದ ಕೆಲಸವನ್ನು ಎರಡು ನಿಮಿಷದಲ್ಲಿ ಮುಗಿಸುತ್ತವೆ. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಈಗ ಮೊದಲ ಪ್ರಸಂಗ. ನಮ್ಮ ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಕುಂಡದ ಮಣ್ಣು ಒಣಗಿದರೆ ಮೊಬೈಲಿಗೆ ಸಂದೇಶ ಕಳಿಸುವ ಸಾಧನವನ್ನು ಕಾಲೇಜಿಗಾಗಿ ಮಾಡುತ್ತಿದ್ದ. ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿರುವ 'ಇಎಸ್‌ಪಿ32' ಎಂಬ ಚಿಪ್ 2016ರಿಂದ ಸಿಗುತ್ತಿದೆ. ವೈಫೈ ಅದರೊಳಗೇ ಇರುತ್ತದೆ. ಸಹಾಯಕ ಬರೆದುಕೊಟ್ಟ ಪ್ರೋಗ್ರಾಂ ಹಾಕಿದ, ಮಣ್ಣಿನ ತೇವ ಸರಿಯಾಗಿ ತೋರಿತು. ಹಿಗ್ಗಿದ. ಮರುದಿನ ಸಂದೇಶ ಕಳಿಸುವ ಭಾಗವನ್ನೂ ಸೇರಿಸಿದ. ತೇವದ ಅಳತೆ ಬರುವುದೇ ನಿಂತುಹೋಯಿತು.

ಎರಡು ದಿನ ಆ ಹುಡುಗ ಸಹಾಯಕನನ್ನು ಕೇಳಿದ್ದೇ ಕೇಳಿದ್ದು. ಪ್ರತಿ ಸಲವೂ ಅದು ವಿನಯದಿಂದ ಕ್ಷಮೆ ಕೇಳಿ ಹೊಸ ಪ್ರೋಗ್ರಾಂ ಕೊಡುತ್ತಿತ್ತು. ಹತ್ತು ಸಲ ಅಳೆದು ಸರಾಸರಿ ತೆಗೆ, ನಡುವೆ ಸ್ವಲ್ಪ ಕಾಯಿ, ಲೈಬ್ರರಿ ಬದಲಿಸು, ಹೀಗೆ. ನಲವತ್ತು ಸಾಲಿನ ಪ್ರೋಗ್ರಾಂ ನೂರೈವತ್ತಕ್ಕೆ ಬೆಳೆಯಿತು. ಮೂರನೆಯ ದಿನ ನನ್ನ ಬಳಿ ಬಂದು, "ಅಂಕಲ್, ಸೆನ್ಸರ್ ಸುಟ್ಟುಹೋಗಿರಬೇಕು, ಹೊಸದು ತರ್ತೀನಿ" ಎಂದ.

"ತರುವ ಮೊದಲು ಅಳೆದು ನೋಡೋಣ" ಎಂದು ಮಲ್ಟಿಮೀಟರ್ ತೆಗೆದೆ. ಒಣ ಮಣ್ಣಿನಲ್ಲಿ ಸೆನ್ಸರಿನ ವೋಲ್ಟೇಜು ಹೆಚ್ಚಿತ್ತು. ಒಂದು ಲೋಟ ನೀರು ಹುಯ್ದೊಡನೆ ಇಳಿಯಿತು. ಆ ಬಗೆಯ ಸೆನ್ಸರ್ ನಡೆದುಕೊಳ್ಳಬೇಕಾದ್ದೇ ಹಾಗೆ. ಅಂದರೆ ಸೆನ್ಸರ್ ಗಟ್ಟಿಯಾಗಿದೆ, ತಂತಿಯೂ ಸರಿಯಿದೆ, ಚಿಪ್ಪಿನ ಕಾಲಿನವರೆಗೆ ಸುದ್ದಿ ತಲುಪುತ್ತಿದೆ. ತೊಂದರೆ ಅದರಾಚೆಗಿದೆ. ಆಗ ಚಿಪ್ ತಯಾರಕರ ಕೈಪಿಡಿ ತೆರೆದೆವು. ವೋಲ್ಟೇಜು ಅಳೆಯಲು ಈ ಚಿಪ್ಪಿನಲ್ಲಿ ಎರಡು ಘಟಕಗಳಿವೆ. ಎರಡನೆಯದನ್ನು ವೈಫೈ ಕೂಡ ಬಳಸಿಕೊಳ್ಳುವುದರಿಂದ, ವೈಫೈ ನಡೆಯುವಾಗ ಅದನ್ನು ನೆಚ್ಚುವಂತಿಲ್ಲ. ಹುಡುಗನ ತಂತಿ ಇದ್ದದ್ದು 25ನೇ ಪಿನ್ನಿನಲ್ಲಿ. ಅದು ಎರಡನೆಯ ಘಟಕಕ್ಕೆ ಸೇರಿದ್ದು. ತಂತಿಯನ್ನು ಮೊದಲನೆಯ ಘಟಕದ 34ನೇ ಪಿನ್ನಿಗೆ ಹಾಕಿ, ಪ್ರೋಗ್ರಾಮಿನಲ್ಲಿ ಒಂದು ಅಂಕಿ ಬದಲಿಸಿದೆವು. ಅಳತೆ ಮತ್ತೆ ಬಂತು.

ಆಮೇಲೆ ಹುಡುಗ ಸಹಾಯಕನನ್ನೇ ಕೇಳಿದ: "ವೈಫೈ ಇರುವಾಗ 25ನೇ ಪಿನ್ನಿನಲ್ಲಿ ಅಳೆಯಬಹುದೇ?" ಅದು ತಡವರಿಸದೆ, ಆಗುವುದಿಲ್ಲವೆಂದು ಕಾರಣ ಸಮೇತ ವಿವರಿಸಿತು! ವಿಷಯ ಅದಕ್ಕೆ ಗೊತ್ತೇ ಇತ್ತು. ಎರಡು ದಿನವೂ ಅವನು ಕೇಳಿದ್ದು "ಪ್ರೋಗ್ರಾಂ ಸರಿಮಾಡು" ಎಂದು, ಅದು ಪ್ರೋಗ್ರಾಮನ್ನೇ ಸರಿಮಾಡುತ್ತ ಕೂತಿತ್ತು. ತಕರಾರು ಎಲ್ಲಿದೆ ಎಂದು ತೋರಿಸಿಕೊಟ್ಟದ್ದು ಮೀಟರಿನ ಮುಳ್ಳು.

ಎರಡನೆಯ ಪ್ರಸಂಗ ತಿಪಟೂರು ಕಡೆಯ ನಮ್ಮ ಬಂಧುಗಳ ತೆಂಗಿನ ತೋಟದ್ದು. ಹಗಲಿನ ಯಾವುದೋ ಹೊತ್ತಿನಲ್ಲಿ ತ್ರೀಫೇಸ್ ಕರೆಂಟು ಬರುತ್ತದೆ, ಯಾವಾಗಲೋ ಹೋಗುತ್ತದೆ. ಬೋರಿನ ಮೋಟಾರನ್ನು ಮೊಬೈಲಿನಿಂದ ನಡೆಸುವಂತೆ ಮಾಡಿಕೊಡು ಎಂದು ಕೇಳಿದರು. ಸಹಾಯಕ ಪ್ರೋಗ್ರಾಮನ್ನು ಸೊಗಸಾಗಿ ಬರೆಯಿತು. ನಾನು ಕೇಳದಿದ್ದರೂ ಒಂದು ಸವಲತ್ತನ್ನು ತಾನಾಗಿ ಸೇರಿಸಿತು. ಕರೆಂಟು ಹೋದಾಗ ಮೋಟಾರು ನಡೆಯುತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು, ಕರೆಂಟು ಬಂದೊಡನೆ ಮತ್ತೆ ಚಾಲೂ ಮಾಡುವುದು. ಕಾಗದದ ಮೇಲೆ ನೋಡಿದರೆ ಜಾಣತನವೇ.

ಸ್ಟಾರ್ಟರಿಗೆ ಜೋಡಿಸುವ ಮೊದಲು ಅಲ್ಲಿನ ಹಿರಿಯ ಮೋಟಾರು ಮೆಕ್ಯಾನಿಕ್ ಒಬ್ಬರನ್ನು ಕರೆಸಿ ತೋರಿಸುವುದು ನನ್ನ ವಾಡಿಕೆ. ಮೋಟಾರಿನ ಬದಲು ಬಲ್ಬು ಇಟ್ಟು, ಕರೆಂಟು ತೆಗೆದು ಕೊಟ್ಟು ತೋರಿಸಿದೆ. ಬಲ್ಬು ತಾನಾಗಿ ಹತ್ತಿತು. ಅವರು ಬೀಡಿ ಆರಿಸಿ, "ಅಲ್ಲ ಸ್ವಾಮಿ, ಕರೆಂಟು ಹೋದಾಗ್ಲೇ ಅಲ್ವ ನಾವು ರಿಪೇರಿಗೆ ಕೂರೋದು? ಕೇಬಲ್ ಜಾಯಿಂಟ್ ಬಿಚ್ಕೊಂಡು ಕೂತಿರ್ತೀವಿ, ಆಗ ತಾನಾಗೇ ಹತ್ತಿದ್ರೆ?" ಎಂದರು.

ಅವರು ಓದಿದ್ದು ಏಳನೇ ತರಗತಿ. ಆದರೆ ಆ ದಿನ ಆ ಯಂತ್ರದ ಬಗ್ಗೆ ಕೇಳಬೇಕಾಗಿದ್ದ ಪ್ರಶ್ನೆ ಅದೇ ಆಗಿತ್ತು. ಆ ಸವಲತ್ತನ್ನು ಕಿತ್ತುಹಾಕಿದೆ. ಈಗ ಕರೆಂಟು ಹೋಗಿ ಬಂದರೆ ಮೋಟಾರು ಸುಮ್ಮನಿರುತ್ತದೆ. ಸ್ಟಾರ್ಟರಿನ ಬಳಿ ಹೋಗಿ ಗುಂಡಿ ಒತ್ತಿದ ಮೇಲೆಯೇ ಮೊಬೈಲಿನ ಮಾತು ಕೇಳುತ್ತದೆ. ರಿಪೇರಿಗೆ ಕೂರುವವರು ಮೇನ್ ಸ್ವಿಚ್ಚು ತೆಗೆದು ಅದಕ್ಕೆ ಬೀಗ ಹಾಕಬೇಕೆಂಬ ನಿಯಮವನ್ನೂ ಮಾಡಿದೆವು. ಬಂಧುಗಳಿಗೆ ಇದು ತುಸು ಅನಾನುಕೂಲ. ಆದರೆ ಜೀವಕ್ಕಿಂತ ಅನುಕೂಲ ದೊಡ್ಡದಲ್ಲ ಎಂದು ಹೇಳಿ ಒಪ್ಪಿಸಿದ್ದಾಯಿತು.

ಮೂರನೆಯದರಲ್ಲಿ ತಂತಿಯೂ ಇಲ್ಲ, ಕರೆಂಟಿನ ಭಯವೂ ಇಲ್ಲ. ಎಂಟನೇ ತರಗತಿಯ ನನ್ನ ತಂಗಿಯ ಮಗಳಿಗೆ ಕನ್ನಡ ಪದಬಂಧ ಕಟ್ಟುವ ಪ್ರೋಗ್ರಾಂ ಬೇಕಾಗಿತ್ತು. ಸಹಾಯಕನಿಗೆ ಕೇಳಿದಳು, ಕ್ಷಣದಲ್ಲಿ ಸಿಕ್ಕಿತು. 'ಪುಸ್ತಕ' ಎಂಬ ಪದ ಕೊಟ್ಟು ನೋಡಿದಳು. ಅದು ಆರು ಮನೆಗಳನ್ನು ತುಂಬಿತು! ಪಕಾರ ಒಂದು ಮನೆಯಲ್ಲಿ, ಅದರ ಕೊಂಬು ಇನ್ನೊಂದರಲ್ಲಿ.

ಕಾರಣ ಸ್ವಾರಸ್ಯವಾಗಿದೆ. ಕಂಪ್ಯೂಟರು ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ 1991ರಿಂದಲೇ ಕನ್ನಡವಿದೆ. ಅಲ್ಲಿ ವ್ಯಂಜನಕ್ಕೊಂದು ಸಂಖ್ಯೆ, ಸ್ವರಚಿಹ್ನೆಗೊಂದು, ವ್ಯಂಜನಗಳನ್ನು ಬೆಸೆಯುವ ಹಲಂತಕ್ಕೂ ಒಂದು. ಹಾಗಾಗಿ ನಮಗೆ ಮೂರಕ್ಷರವಾದ 'ಪುಸ್ತಕ' ಕಂಪ್ಯೂಟರಿಗೆ ಆರು ಸಂಖ್ಯೆ. "ಇದು ತಪ್ಪು" ಎಂದದ್ದಕ್ಕೆ ಸಹಾಯಕ ಬೇರೊಂದು ಉಪಾಯ ಹೂಡಿತು. ಈ ಸಲ ನಾಲ್ಕು ಮನೆ: ಪು, ಸ್, ತ, ಕ. ಒತ್ತಕ್ಷರ ಮಾತ್ರ ಒಡೆದೇ ಇತ್ತು.

ಹುಡುಗಿ ಯೋಚಿಸಿ ಒಂದು ನಿಯಮ ಬರೆದಳು: "ಅರ್ಧಾಕ್ಷರ ಬಂದರೆ ಮುಂದಿನ ಅಕ್ಷರಕ್ಕೆ ಅಂಟಿಸು. ಮುಂದೆ ಅಕ್ಷರವೇ ಇಲ್ಲದಿದ್ದರೆ ಹಾಗೇ ಬಿಡು." ಎರಡನೆಯ ವಾಕ್ಯ ಏಕೆ ಎಂದೆ. "ಮಾವ, 'ಬಸ್' ಅಂತ ಬಂದರೆ ಆ 'ಸ್' ಯಾವುದಕ್ಕೆ ಅಂಟಿಕೊಳ್ಳುತ್ತೆ?" ಎಂದಳು. ಆ ನಿಯಮ ಕೊಟ್ಟೊಡನೆ ಸಹಾಯಕ ಪ್ರೋಗ್ರಾಂ ತಿದ್ದಿಕೊಟ್ಟಿತು. 'ಪುಸ್ತಕ'ಕ್ಕೆ ಮೂರು ಮನೆ, 'ಬಸ್'ಗೆ ಎರಡು. ಶಾಲೆಯಲ್ಲಿ ಒತ್ತಕ್ಷರ ಕಲಿಸಿದ ಕನ್ನಡ ಮೇಷ್ಟ್ರು ತಾನು ಕಂಪ್ಯೂಟರ್ ಪಾಠವನ್ನೂ ಮಾಡುತ್ತಿದ್ದೇನೆ ಎಂದುಕೊಂಡಿರಲಾರರು.

ಇಷ್ಟು ಹೇಳಿದೆನೆಂದು ಈ ಸಹಾಯಕನನ್ನು ಮನೆಯೊಳಗೆ ಸೇರಿಸಬೇಡಿ ಎನ್ನುವವನು ನಾನಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಇಂಗ್ಲಿಷ್ ಕೈಪಿಡಿಯ ಪುಟವನ್ನು ಕನ್ನಡದಲ್ಲಿ ವಿವರಿಸು ಎಂದು ಕೇಳಬಹುದು. ಕ್ಲಾಸಿನಲ್ಲಿ ಕೈಯೆತ್ತಲು ನಾಚುವ ಹುಡುಗಿ ಒಂದೇ ಸಂದೇಹವನ್ನು ಹತ್ತು ಸಲ ಕೇಳಬಹುದು. ನಮ್ಮ ಕಾಲದಲ್ಲಿ ಇಂಥ ಅನುಕೂಲ ಇರಲಿಲ್ಲ. ಬೆರಳು ನೋಯುವ ಬರವಣಿಗೆಯಂತೂ ಹೋಯಿತು, ಹೋಗಲಿ. ಅದನ್ನೇ ನೆಚ್ಚಿಕೊಂಡ ಕೆಲಸಗಳು ಕಡಿಮೆಯಾಗುತ್ತವೆಂಬುದನ್ನೂ ಪಾಲಕರಿಂದ ಮುಚ್ಚಿಡಬೇಕಾಗಿಲ್ಲ.

ಉಳಿಯುವುದು ಏನು? ನಮ್ಮ ಕಚೇರಿಗೆ ಸಂದರ್ಶನಕ್ಕೆ ಬರುವವರ ಪ್ರಾಜೆಕ್ಟುಗಳು ಈಗ ಮೊದಲಿಗಿಂತ ಬಹಳ ಚೆನ್ನಾಗಿರುತ್ತವೆ. ಹಾಗಾಗಿ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವುದನ್ನು ಬಿಟ್ಟಿದ್ದೇನೆ. "ಇದು ಯಾವಾಗ ಕೆಡುತ್ತದೆ?" ಎಂದು ಕೇಳುತ್ತೇನೆ. ಬರೀ ಬರೆಸಿಕೊಂಡು ಬಂದವರು ಸುಮ್ಮನಾಗುತ್ತಾರೆ. ಕೈಯಾರೆ ಮಾಡಿ, ಕೆಡಿಸಿ, ಅಳೆದು ನೋಡಿದವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಮಾತಾಡತೊಡಗುತ್ತಾರೆ. ಅವರು ಸಹಾಯಕನ ನೆರವು ಪಡೆದಿದ್ದಾರೋ ಇಲ್ಲವೋ ಎಂಬುದು ಆಮೇಲೆ ನನಗೆ ಮುಖ್ಯವಾಗುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಿಗೆ ನನ್ನದೊಂದು ಸಣ್ಣ ಸಲಹೆ. ಸಹಾಯಕ ಏನನ್ನೇ ಬರೆದುಕೊಡಲಿ, ಅದನ್ನು ಓಡಿಸುವ ಮೊದಲು ಏನಾಗಬೇಕೆಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ. ಓಡಿಸಿದ ಮೇಲೆ ಏನಾಯಿತೆಂದು ಅದರ ಕೆಳಗೆ ಬರೆಯಿರಿ. ಎರಡೂ ತಾಳೆಯಾಗದಿದ್ದರೆ ಮತ್ತೆ ಕೇಳುವ ಮೊದಲು ನೀವೇ ಒಂದು ಸಲ ಅಳೆದು ನೋಡಿ. ಇನ್ನು ಪಾಲಕರು ಮಕ್ಕಳಿಗೆ ಹೊಸ ಲ್ಯಾಪ್‌ಟಾಪ್ ಕೊಡಿಸುವ ದಿನ ಕೆಲವು ನೂರು ರೂಪಾಯಿ ಹೆಚ್ಚಿಗೆ ಇಟ್ಟುಕೊಂಡು ಹೊರಡಲಿ. ಬರುವಾಗ ಒಂದು ಮಲ್ಟಿಮೀಟರನ್ನೂ ತನ್ನಿ.