‘ಪಾಯಿಂಟ್’ ಎಂದು ಕೂಗಿದ ರಾತ್ರಿ

ಈವ್ ಆನ್‌ಲೈನ್ ಆಟದಲ್ಲಿ ಹಡಗು ಒಡೆದರೆ ಒಡೆದೇ ಹೋಯಿತು. ಬೇರೆ ಎಷ್ಟೋ ಆಟಗಳಲ್ಲಿ ಸತ್ತವನು ಮರುಕ್ಷಣವೇ ಸರಂಜಾಮು ಸಮೇತ ಎದ್ದು ನಿಲ್ಲುತ್ತಾನೆ. ಇಲ್ಲಿ ಗಣಿ ಅಗೆದು, ವ್ಯಾಪಾರ ಮಾಡಿ ಕೂಡಿಟ್ಟ ಇಸ್ಕ್ ಎಂಬ ಹಣದಿಂದ ಇನ್ನೊಂದು ಹಡಗು ಕೊಳ್ಳಬೇಕು. ಐಸ್‌ಲ್ಯಾಂಡಿನ ಸಿಸಿಪಿ ಗೇಮ್ಸ್ ಕಂಪನಿ 2003ರ ಮೇ ತಿಂಗಳಲ್ಲಿ ಹೊರತಂದ ಆಟ ಇದು. ಚೀನಾದವರಿಗೆ ಪ್ರತ್ಯೇಕ ಸರ್ವರ್ ಇದೆ. ಉಳಿದವರೆಲ್ಲ ನ್ಯೂ ಈಡನ್ ಎಂಬ ಒಂದೇ ಲೋಕದಲ್ಲಿ, ಏಳು ಸಾವಿರಕ್ಕೂ ಹೆಚ್ಚು ನಕ್ಷತ್ರ ವ್ಯೂಹಗಳ ನಡುವೆ ಆಡುತ್ತಾರೆ. ಹಾಗಾಗಿ ಒಬ್ಬ ಎಡವಿದರೆ ಜೊತೆಗಿದ್ದವರ ಗಂಟೂ ಹೋಗುತ್ತದೆ. ನಾನು ಎಡವಿದಾಗ ಹಾಗೇ ಆಯಿತು.

ಆಟಗಾರರ ಸಂಘಕ್ಕೆ ಇಲ್ಲಿ ಕಾರ್ಪೊರೇಷನ್ ಎನ್ನುತ್ತಾರೆ, ಮಾತಿನಲ್ಲಿ ಬರೀ ಕಾರ್ಪ್. ನಾನು ಸೇರಿದ ಕಾರ್ಪ್‌ನಲ್ಲಿ ಯುರೋಪಿನವರೇ ಹೆಚ್ಚು. ಅವರು ಸಂಜೆಯ ಊಟ ಮುಗಿಸಿ ಕೂರುವ ಹೊತ್ತಿಗೆ ಬೆಂಗಳೂರಿನಲ್ಲಿ ಮಧ್ಯರಾತ್ರಿ. ಹೆಡ್‌ಫೋನಿನಲ್ಲಿ ಅವರ ಇಂಗ್ಲಿಷ್ ಬಿರುಸಾಗಿ ಹರಿಯುತ್ತಿತ್ತು, ನಡುನಡುವೆ ಆಟದ ಪರಿಭಾಷೆ. ‘ಎಕ್ಸ್ ಅಪ್’ ಎಂದರೆ ಬರಲು ಸಿದ್ಧರಿರುವವರು ಚಾಟ್‌ನಲ್ಲಿ ಎಕ್ಸ್ ಒತ್ತಬೇಕು. ‘ಎಫ್‌ಸಿ’ ಎಂದರೆ ಫ್ಲೀಟ್ ಕಮಾಂಡರ್, ದಂಡಿನ ನಾಯಕ. ‘ಪ್ರೈಮರಿ’ ಎಂದರೆ ಎಲ್ಲರೂ ಮೊದಲು ಗುಂಡಿಡಬೇಕಾದ ಹಡಗು. ಗೆಳೆಯರು ‘ಬ್ಲೂ’, ಯಾರೆಂದು ತಿಳಿಯದವರು ‘ನ್ಯೂಟ್’. ಇವನ್ನೆಲ್ಲ ನಾನು ಪಟ್ಟಿ ಮಾಡಿ ಬಾಯಿಪಾಠ ಹಾಕಿದ್ದೆ. ಪಟ್ಟಿ ಒಪ್ಪಿಸಬಲ್ಲೆನಾದ್ದರಿಂದ ಆಟವೂ ಬರುತ್ತದೆ ಎಂದು ನಂಬಿಬಿಟ್ಟೆ. ಅರ್ಥವಾಗದ ಮಾತು ಕಿವಿಗೆ ಬಿದ್ದರೆ ಕೇಳುತ್ತಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ಅಷ್ಟು ಜನರ ಮುಂದೆ ‘ಅದೇನು?’ ಎನ್ನಲು ನಾಚಿಕೆ.

ಆ ರಾತ್ರಿ ನಾವು ನಲ್‌ಸೆಕ್‌ನಲ್ಲಿದ್ದೆವು. ನ್ಯೂ ಈಡನ್‌ನ ಪ್ರತಿ ವ್ಯೂಹಕ್ಕೂ ಭದ್ರತೆಯ ಅಂಕವಿದೆ: 1.0ರಿಂದ 0.5ರವರೆಗೆ ಹೈಸೆಕ್, 0.4ರಿಂದ 0.1ರವರೆಗೆ ಲೋಸೆಕ್, ಸೊನ್ನೆ ಮತ್ತು ಅದಕ್ಕೂ ಕೆಳಗೆ ನಲ್‌ಸೆಕ್. ನಲ್‌ಸೆಕ್‌ನಲ್ಲಿ ಪೊಲೀಸರಿಲ್ಲ, ಶಿಕ್ಷೆಯೂ ಇಲ್ಲ. ನನ್ನದು ಫ್ರಿಗೇಟ್, ಅಗ್ಗದ ಪುಟ್ಟ ಹಡಗು. ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಕೆಲಸವೇ ನನಗೂ ಸಿಕ್ಕಿತ್ತು: ಟ್ಯಾಕಲ್, ಅಂದರೆ ದಂಡು ಬರುವತನಕ ಎದುರಾಳಿಯನ್ನು ಓಡಿಹೋಗದಂತೆ ಹಿಡಿದಿಡುವುದು. ದಂಡು ಪಕ್ಕದ ವ್ಯೂಹದಲ್ಲಿ ಕಾಯುತ್ತಿತ್ತು. ನಾನೊಬ್ಬನೇ ಮುಂದೆ ಹೋಗಿ ನೋಡಿದರೆ, ಒಂದು ವ್ಯೂಹದಿಂದ ಇನ್ನೊಂದಕ್ಕೆ ದಾಟಿಸುವ ಗೇಟಿನ ಬಳಿ ಒಂದು ಭಾರೀ ಸರಕು ಹಡಗು ನಿಧಾನಕ್ಕೆ ತಿರುಗುತ್ತಿತ್ತು. ಹತ್ತಿರ ಧಾವಿಸಿ ಲಾಕ್ ಮಾಡಿ ನನ್ನ ಉಪಕರಣ ಚಾಲೂ ಮಾಡಿದೆ. ಎಫ್‌ಸಿ ಕೇಳಿದ: “ಪಾಯಿಂಟ್?” ನಾನು ಕೂಗಿದೆ: “ಪಾಯಿಂಟ್!”

ನನ್ನ ಹಡಗಿನಲ್ಲಿ ಪಾಯಿಂಟ್ ಇರಲೇ ಇಲ್ಲ. ಇದ್ದದ್ದು ವೆಬ್.

ಎರಡಕ್ಕೂ ಇರುವ ಅಂತರ ಹೊಸಬರಿಗೆ ಗೊತ್ತಿರಲೇಬೇಕು. ಪಾಯಿಂಟ್ ಎಂದರೆ ವಾರ್ಪ್ ಡಿಸ್‌ರಪ್ಟರ್. ಅದು ಹಿಡಿದ ಹಡಗು ವಾರ್ಪ್ ಆಗಿ, ಅಂದರೆ ಬೆಳಕನ್ನೂ ಮೀರಿದ ಓಟಕ್ಕೆ ಜಿಗಿದು, ತಪ್ಪಿಸಿಕೊಳ್ಳಲಾರದು. ಸಾಮಾನ್ಯ ಡಿಸ್‌ರಪ್ಟರ್ 20 ಕಿಲೋಮೀಟರ್ ದೂರದವರೆಗೆ ಹಿಡಿಯುತ್ತದೆ. ಸ್ಕ್ರ್ಯಾಮ್ ಎನ್ನುವ ಸ್ಕ್ರ್ಯಾಂಬ್ಲರ್‌ನ ವ್ಯಾಪ್ತಿ ಅದಕ್ಕಿಂತ ಕಡಿಮೆ, ಹಿಡಿತ ಮಾತ್ರ ಹೆಚ್ಚು ಬಲವಾದದ್ದು. ವೆಬ್ ಎಂಬ ಸ್ಟೇಸಿಸ್ ವೆಬಿಫೈಯರ್ ಹಡಗಿನ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ, ಅಷ್ಟೇ. ವಾರ್ಪ್ ಆಗುವುದನ್ನು ತಡೆಯುವುದಿಲ್ಲ. ಇನ್ನೂ ಒಂದು ಸಂಗತಿ ಇದೆ. ಹಡಗು ತನ್ನ ಗರಿಷ್ಠ ವೇಗದ ಮುಕ್ಕಾಲು ಭಾಗ ಮುಟ್ಟಿದ ಕೂಡಲೇ ವಾರ್ಪ್‌ಗೆ ಹೋಗುತ್ತದೆ. ವೆಬ್ ಆ ಗರಿಷ್ಠವನ್ನೇ ಕುಗ್ಗಿಸುವುದರಿಂದ, ಹಡಗು ದಾರಿಗೆ ಮುಖಮಾಡಿದ್ದರೆ ಮುಕ್ಕಾಲು ಭಾಗ ಬೇಗ ತಲುಪುತ್ತದೆ. ತಮ್ಮ ದೊಡ್ಡ ಸರಕು ಹಡಗುಗಳನ್ನು ಗೇಟಿನಿಂದ ಪಾರುಮಾಡಲು ಅನುಭವಿಗಳು ಬೇಕೆಂದೇ ಅವಕ್ಕೆ ವೆಬ್ ಹಾಕುತ್ತಾರೆ. ಹಿಡಿದಿದ್ದೇನೆ ಎಂದು ನಾನು ಕೂಗುತ್ತಿದ್ದಾಗ ನಿಜವಾಗಿ ಆ ಹಡಗಿಗೆ ಓಡಲು ನೆರವಾಗುತ್ತಿದ್ದೆ.

ನನ್ನ ಮಾತು ನಂಬಿ ಇಡೀ ದಂಡು ಗೇಟ್ ದಾಟಿ ಬಂತು. ಬರುವಷ್ಟರಲ್ಲಿ ಸರಕು ಹಡಗು ಮಾಯ. ಆ ಪ್ರದೇಶದವರು ಸುಮ್ಮನಿರಲಿಲ್ಲ. ವ್ಯೂಹದಲ್ಲಿ ಯಾರ್ಯಾರು ಇದ್ದಾರೆಂದು ತೋರಿಸುವ ‘ಲೋಕಲ್’ ಪಟ್ಟಿಯಲ್ಲಿ ಹೆಸರುಗಳು ಏರತೊಡಗಿದವು. ಹಿಂದಿರುಗುವ ದಾರಿಯಲ್ಲಿ ಗೇಟ್‌ಕ್ಯಾಂಪ್ ಎದ್ದಿತು, ಅಂದರೆ ಗೇಟಿಗೆ ಹೊಂಚು. ನನ್ನ ಅಗ್ಗದ ಫ್ರಿಗೇಟ್ ಉಳಿಯಿತು. ವಾರಗಟ್ಟಲೆ ದುಡಿದು ಹಡಗು ಕಟ್ಟಿಕೊಂಡಿದ್ದ ಜೊತೆಗಾರರು ಅದನ್ನು ಕಳೆದುಕೊಂಡು ಪಾಡ್‌ನಲ್ಲಿ, ಅಂದರೆ ಚಾಲಕನಿರುವ ಪುಟ್ಟ ಕೋಶದಲ್ಲಿ, ಮನೆಗೆ ಮರಳಿದರು.

ಎಫ್‌ಸಿ ಆಮೇಲೆ ನನ್ನನ್ನು ಪ್ರತ್ಯೇಕ ಚಾನೆಲ್‌ಗೆ ಕರೆದ. ಬೈಯಲಿಲ್ಲ. “ನಿನ್ನ ಹಡಗಿನಲ್ಲಿ ಏನೇನು ಹಾಕಿದ್ದೀಯ, ಓದು” ಎಂದ. ಓದಿದೆ. ಆಮೇಲೆ ಅವನು ಹೇಳಿದ್ದು ಇಷ್ಟು: ಯಾರಾದರೂ ‘ಪಾಯಿಂಟ್’ ಎಂದರೆ ಅದನ್ನು ನಂಬಿ ಉಳಿದವರೆಲ್ಲ ತಮ್ಮ ಹಡಗು ಪಣಕ್ಕಿಡುತ್ತಾರೆ, ನಂಬಲಾಗದಿದ್ದರೆ ಫ್ಲೀಟ್ ಎಂಬುದೇ ಇರುವುದಿಲ್ಲ. ನನಗೆ ನೋವಾದದ್ದು ಹಡಗುಗಳು ಹೋದದ್ದಕ್ಕಷ್ಟೇ ಅಲ್ಲ. ಗೊತ್ತಿಲ್ಲ ಎನ್ನಲು ನನಗಿದ್ದ ಸಣ್ಣ ಸಂಕೋಚದ ಬೆಲೆಯನ್ನು ಬೇರೆಯವರು ತೆತ್ತಿದ್ದರು.

ಹಳಬರಿಗೂ ಈ ಆಟ ರಿಯಾಯಿತಿ ಕೊಡುವುದಿಲ್ಲ. 2013ರ ಜನವರಿಯಲ್ಲಿ ಅಸಾಕೈ ಎಂಬ ಲೋಸೆಕ್ ವ್ಯೂಹದ ಹತ್ತಿರ ಟೈಟನ್ ಚಾಲಕನೊಬ್ಬ ‘ಬ್ರಿಡ್ಜ್’ ಒತ್ತುವಲ್ಲಿ ‘ಜಂಪ್’ ಒತ್ತಿದ. ಬ್ರಿಡ್ಜ್ ಒತ್ತಿದರೆ ಟೈಟನ್ ನಿಂತಲ್ಲೇ ನಿಂತು ಜೊತೆಯ ದಂಡನ್ನು ದೂರಕ್ಕೆ ಕಳಿಸುತ್ತದೆ. ಜಂಪ್ ಒತ್ತಿದರೆ ತಾನೇ ಹೋಗುತ್ತದೆ. ಆಟದ ಅತಿ ದೊಡ್ಡ ಹಡಗು ಒಂಟಿಯಾಗಿ ವೈರಿಗಳ ನಡುವೆ ಇಳಿಯಿತು. ಅದನ್ನು ಉಳಿಸಲು ಒಂದು ಕಡೆ, ಮುಗಿಸಲು ಇನ್ನೊಂದು ಕಡೆ ಸಾವಿರಾರು ಆಟಗಾರರು ನುಗ್ಗಿ, ದೊಡ್ಡ ಯುದ್ಧವೇ ನಡೆಯಿತು.

ಹೊಸಬರಿಗೆ ನಾನೀಗ ಪಟ್ಟಿ ಕೊಡುವುದಿಲ್ಲ. ಪದ ಕಿವಿಗೆ ಬಿದ್ದಾಗ ಕೈ ಏನು ಮಾಡಬೇಕು ಎಂಬುದನ್ನು ಜೊತೆಯಲ್ಲೇ ಹಾರಿ ಕಲಿಸುತ್ತೇನೆ. ‘ಅಲೈನ್’ ಎಂದಾಗ ಮೂತಿ ಆ ದಿಕ್ಕಿಗೆ ತಿರುಗಿಸಿ ವೇಗ ಹಿಡಿಯಬೇಕು, ವಾರ್ಪ್ ಒತ್ತಬಾರದು. ಒತ್ತಿದವನು ದಂಡಿಗಿಂತ ಮೊದಲೇ ಹೋಗಿ ಒಂಟಿಯಾಗಿ ಸಾಯುತ್ತಾನೆ. ‘ಡಿ-ಸ್ಕ್ಯಾನ್’ ಎಂದಾಗ ಸುತ್ತಣ ಸುಮಾರು 14 ಖಗೋಳಮಾನ ದೂರದೊಳಗೆ ಯಾವ ಹಡಗುಗಳಿವೆ ನೋಡಿ ಹೇಳಬೇಕು. ಹೈಸೆಕ್ ಎಂಬ ಹೆಸರು ಕೇಳಿ ನಿಶ್ಚಿಂತೆಯಿಂದ ಇರಬಾರದು: ಅಲ್ಲಿನ ಪೊಲೀಸ್ ಪಡೆ ಕಾಂಕಾರ್ಡ್ ದಾಳಿ ಮಾಡಿದವನನ್ನು ಶಿಕ್ಷಿಸುತ್ತದೆ, ದಾಳಿಯನ್ನು ತಡೆಯುವುದಿಲ್ಲ. ಆ ಶಿಕ್ಷೆಯನ್ನು ಲೆಕ್ಕಕ್ಕೆ ಹಿಡಿದೇ ಗ್ಯಾಂಕ್ ಮಾಡುವವರು ಅಗ್ಗದ ಹಡಗುಗಳನ್ನು ಬಲಿಕೊಟ್ಟು ತುಂಬಿದ ಸರಕು ಹಡಗು ಒಡೆಯುತ್ತಾರೆ. ಜೀಟಾ ಎಂಬ ವ್ಯಾಪಾರ ಕೇಂದ್ರದ ಚಾಟ್‌ನಲ್ಲಿ ಇಸ್ಕ್ ದುಪ್ಪಟ್ಟು ಮಾಡಿಕೊಡುತ್ತೇನೆ ಎಂದರೆ ಅದು ಮೋಸ. ಆಟದ ನಿಯಮ ಅದಕ್ಕೆ ಅಡ್ಡಿ ಮಾಡುವುದಿಲ್ಲ, ನಿಮ್ಮ ಹಣವೂ ಮರಳುವುದಿಲ್ಲ.

ಹೊರಡುವ ಮೊದಲು ಫಿಟ್ಟಿಂಗ್ ಕಿಟಕಿ ತೆರೆದು, ಇರುವ ಪ್ರತಿ ಉಪಕರಣದ ಕೆಲಸವನ್ನು ಗಟ್ಟಿಯಾಗಿ ಹೇಳಿನೋಡಿ. ಹೇಳಲಾಗದ್ದನ್ನು ಅಲ್ಲೇ ಕೇಳಿ. ಗೇಟ್ ದಾಟುವ ಮೊದಲು ಉತ್ತರಿಸಲು ಎಲ್ಲರಿಗೂ ಸಮಯವಿರುತ್ತದೆ. ಮತ್ತೆ ಎಫ್‌ಸಿ “ಪಾಯಿಂಟ್?” ಎಂದಾಗ ನಿಮ್ಮಲ್ಲಿ ಅದು ಇಲ್ಲದಿದ್ದರೆ “ಇಲ್ಲ, ವೆಬ್ ಮಾತ್ರ” ಎನ್ನಿ. ಬೇಟೆ ತಪ್ಪಿದರೆ ಇನ್ನೊಂದು ಸಿಗುತ್ತದೆ. ಆ ಉತ್ತರ ಕೇಳಿದ ನಾಯಕ ತನ್ನ ಜನರನ್ನು ಗೇಟಿನ ಈಚೆಗೇ ಉಳಿಸಿಕೊಳ್ಳುತ್ತಾನೆ.