ಉಭಯ ಕುಶಲೋಪರಿ

ಕನ್ನಡ ನಾಡು ತನ್ನ ಯೋಧರನ್ನು ಕಲ್ಲಿನಲ್ಲಿ ನೆನೆದ ನಾಡು. ತುರುಗೋಳಿನಲ್ಲಿ, ಊರಳಿವಿನಲ್ಲಿ, ಗಡಿಕಾಳಗದಲ್ಲಿ ಮಡಿದವನಿಗೆ ವೀರಗಲ್ಲನ್ನು ನಿಲ್ಲಿಸುವುದು ಇಲ್ಲಿಯ ಹಳೆಯ ಪದ್ಧತಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಸಾನ್ನಿಧ್ಯ. ಮುಂಬಯಿಯ ಬೊರಿವಲಿಗೆ ಸೇರಿದ ಎಕ್ಸರ್‌ನಲ್ಲಿರುವ ವೀರಗಲ್ಲುಗಳಲ್ಲಿ ಕಡಲ ಕದನದ ಹಡಗುಗಳೂ ಕೆತ್ತಲ್ಪಟ್ಟಿವೆ. ಆದರೆ ಈ ಕಲ್ಲುಗಳೆಲ್ಲ ಮಡಿದವರವು. ಮೂವತ್ತು ವರ್ಷ ಸೇವೆ ಸಲ್ಲಿಸಿ ಬದುಕಿ ಮರಳಿದವನಿಗೆ ಕಲ್ಲಿಲ್ಲ. ಅವನ ಚರಿತ್ರೆ ಅವನ ಮಾತಿನಲ್ಲಿಯೇ ಉಳಿಯಬೇಕು.

ಅಂಥವರು ಕೆಲವರು ಇಂದು ನವಿ ಮುಂಬಯಿಯ ಸೀವುಡ್ಸ್‌ನಲ್ಲಿದ್ದಾರೆ. 1970ರಲ್ಲಿ ಸಿಡ್ಕೋ ಸಂಸ್ಥೆ ಹುಟ್ಟಿದಾಗ ಈ ಪ್ರದೇಶವೆಲ್ಲ ದಾರಾವೆ, ಕರಾವೆ ಮೊದಲಾದ ಆಗ್ರಿ-ಕೋಳಿ ಹಳ್ಳಿಗಳ ಗದ್ದೆ, ಉಪ್ಪುನೀರಿನ ಜೌಗು. ಇಂದು ಅಲ್ಲಿ ಎತ್ತರದ ವಸತಿ ಸಮುಚ್ಚಯಗಳಿವೆ. ರೈಲು ನಿಲ್ದಾಣದ ಹೆಸರಿನಲ್ಲಿಯೂ ದಾರಾವೆ ಉಳಿದುಕೊಂಡಿದೆ. ಬದುಕಿನ ಬಹುಭಾಗವನ್ನು ವರ್ಗಾವಣೆಯ ಮನೆಗಳಲ್ಲಿ ಕಳೆದು, ಮಕ್ಕಳ ಉದ್ಯೋಗವನ್ನು ಅನುಸರಿಸಿ ಇಲ್ಲಿ ನೆಲೆನಿಂತ ನಿವೃತ್ತ ಸೇನಾಧಿಕಾರಿಗಳಲ್ಲಿ ಉತ್ತರ ಕರ್ನಾಟಕದ ಒಬ್ಬರ ಬಾಳು ಇಲ್ಲಿ ಪ್ರಸ್ತುತ. ಬೆಳಗಿನ ನಡಿಗೆಯಲ್ಲಿ ಅವರು ಕರಾವೆಯ ಟಿ.ಎಸ್. ಚಾಣಕ್ಯದವರೆಗೆ ಹೋಗುತ್ತಾರೆ. 1927ರ ಡಫ್ರಿನ್, 1972ರ ರಾಜೇಂದ್ರ ಎಂಬ ತರಬೇತಿ ಹಡಗುಗಳ ಪರಂಪರೆಯನ್ನು 1993ರಿಂದ ನೆಲದ ಮೇಲೆ ಮುಂದುವರಿಸಿಕೊಂಡು ಬಂದ ಸಂಸ್ಥೆ ಅದು. ವಾಣಿಜ್ಯ ನೌಕೆಗಳ ಅಧಿಕಾರಿಗಳನ್ನು ಸಿದ್ಧಗೊಳಿಸುತ್ತದೆ. ಬಿಳಿಯ ಸಮವಸ್ತ್ರದ ಹುಡುಗರನ್ನು ಕಂಡಾಗ ಅವರಿಗೆ ನೆನಪಾಗುವುದು ಯುದ್ಧವಲ್ಲ, ಶಾಲೆ.

ಶಾಲೆಗಳು ಎರಡು. ಮೊದಲನೆಯದು ಊರ ಹನುಮಂತದೇವರ ಗುಡಿಯ ಪಕ್ಕದ ಕನ್ನಡ ಶಾಲೆ. ಅಲ್ಲಿಯ ಮಾಸ್ತರರು ನಾಲ್ಕನೆಯ ಇಯತ್ತೆಯಲ್ಲಿ ಪತ್ರಲೇಖನವನ್ನು ಕಲಿಸಿದರು. ಮೇಲೆ ‘ಶ್ರೀ’, ಬಲಕ್ಕೆ ಸ್ಥಳ ಮತ್ತು ದಿನಾಂಕ, ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಆಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’. ಅರ್ಥವನ್ನು ಕೇಳಿದ ಹುಡುಗನಿಗೆ ಮಾಸ್ತರರು ಕೊಟ್ಟ ವಿವರಣೆ ಸರಳವಾಗಿತ್ತು: ಎರಡೂ ಕಡೆಯವರು ಕ್ಷೇಮವೆಂದು ಮೊದಲು ಹೇಳಬೇಕು, ಉಳಿದ ಸಂಗತಿ ಆಮೇಲೆ.

ಎರಡನೆಯದು ಬಿಜಾಪುರದ ಸೈನಿಕ ಶಾಲೆ. 1963ರಲ್ಲಿ ಆರಂಭವಾದ ಆ ಶಾಲೆಯ ನಿಲಯಗಳಿಗೆ ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ, ಆದಿಲಶಾಹಿ, ಒಡೆಯರ್ ಎಂದು ನಾಡಿನ ರಾಜಮನೆತನಗಳ ಹೆಸರುಗಳು. ಹೆಸರು ಕನ್ನಡ ನಾಡಿನದು, ಪಾಠ ಇಂಗ್ಲಿಷಿನದು. ಹಳ್ಳಿಯ ಮಕ್ಕಳಿಗೆ ಈ ಬಾಗಿಲು ಎಷ್ಟು ಕಿರಿದಾಗಿತ್ತೆಂಬುದನ್ನು ಅದೇ ಶಾಲೆಯಲ್ಲಿ ಓದಿದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ: ಇಂಗ್ಲಿಷಿನಲ್ಲಿದ್ದ ಪ್ರವೇಶ ಪರೀಕ್ಷೆಯಲ್ಲಿ ಅವರು ಅನುತ್ತೀರ್ಣರಾದರು, ಕನ್ನಡದಲ್ಲಿ ಬರೆಯಲು ಅವಕಾಶ ದೊರೆತಾಗ ತೇರ್ಗಡೆಯಾದರು. ಸೀವುಡ್ಸ್‌ನ ಈ ಹಿರಿಯರೂ ಕನ್ನಡದ ಬಾಗಿಲಿನಿಂದಲೇ ಒಳಹೊಕ್ಕವರು. ಒಳಗೆ ಬಂದ ಮೇಲೆ ಕನ್ನಡಕ್ಕೆ ಉಳಿದದ್ದು ಊರಿಗೆ ಬರೆಯುವ ಕಾಗದ ಮಾತ್ರ. ತಾಯಿಗೆ ಓದು ಬಾರದು. ಮಗನ ಕಾಗದವನ್ನು ಓದಿ ಹೇಳುವವರೂ ಅವಳ ಮಾತನ್ನು ಉತ್ತರವಾಗಿ ಬರೆದು ಕಳುಹಿಸುವವರೂ ಅದೇ ಮಾಸ್ತರರು.

ಮುಂದೆ ಖಡಕ್‌ವಾಸ್ಲಾ, ದೆಹರಾದೂನು, ಆಮೇಲೆ ದಂಡು. ಊರ ಹೆಸರಿನ ವಿಳಾಸ ಅಳಿದು ‘56 ಎ.ಪಿ.ಒ.’ ಎಂದೋ ‘99 ಎ.ಪಿ.ಒ.’ ಎಂದೋ ಆಯಿತು. ಸೇನೆಯ ಅಂಚೆಯ ಈ ಸಂಖ್ಯೆಗಳಿಂದ ಯೋಧ ಯಾವ ಬೆಟ್ಟದಲ್ಲಿದ್ದಾನೆ, ಯಾವ ಹೊಳೆಯ ದಂಡೆಯಲ್ಲಿದ್ದಾನೆ ಎಂಬುದು ತಿಳಿಯದು. ತಿಳಿಯಬಾರದು ಎಂಬುದೇ ಉದ್ದೇಶ. ಮಾಸ್ತರರು ಕಲಿಸಿದ ಪತ್ರದಲ್ಲಿ ಬಲಬದಿಯ ಸ್ಥಳ ಖಾಲಿಯಾಯಿತು. ಜೋಜಿಲಾ ಕಣಿವೆಯನ್ನು ದಾಟಿ ಲಡಾಖಿಗೆ ಹೋದ ವರ್ಷ ಅವರು ತಾಯಿಗೆ ಬರೆದದ್ದು ‘ಇಲ್ಲಿ ಚಳಿ ಸ್ವಲ್ಪ ಹೆಚ್ಚು, ಎಮ್ಮೆ ಈದಿತೇ?’ ಎಂದು. 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಮೀರಿದ ಆ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ, ತಾವೇ ಮುಂದಾಳಾಗಿ ನಿಂತವರು ಕೊಡಗಿನ ತಿಮ್ಮಯ್ಯನವರೆಂಬುದು ಅವರಿಗೆ ಗೊತ್ತಿತ್ತು. ಆ ಹೆಮ್ಮೆಯನ್ನು ಕಾಗದದಲ್ಲಿ ಬರೆಯುವಂತಿರಲಿಲ್ಲ. ಬರೆದಿದ್ದರೆ ಸ್ಥಳ ಹೊರಬೀಳುತ್ತಿತ್ತು.

ಜನರಲ್ ತಿಮ್ಮಯ್ಯನವರ ಹೆಸರಿನಲ್ಲಿಯೇ ಇಂಥ ಒಂದು ಕಥೆಯಿದೆ. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಅವರ ಸ್ವಂತ ಹೆಸರು ಸುಬ್ಬಯ್ಯ. ಕೂನೂರು, ಬೆಂಗಳೂರುಗಳ ಆಂಗ್ಲ ಶಾಲೆಗಳನ್ನು ಕಳೆದು, 1922ರಲ್ಲಿ ತೆರೆದ ದೆಹರಾದೂನಿನ ಸೈನಿಕ ಕಾಲೇಜಿಗೂ ಮುಂದೆ ಸ್ಯಾಂಡ್‌ಹರ್ಸ್ಟಿಗೂ ಹೋದ ಅವರು ಜಗತ್ತಿಗೆ ‘ಟಿಮ್ಮಿ’ಯಾದರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, 1949ರ ಜನವರಿ 15ರಂದು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ ಆ ಮಣ್ಣಿನವರೇ. ಆದರೆ 1960ರಲ್ಲಿ ಪ್ರಕಟವಾದ ತಿಮ್ಮಯ್ಯನವರ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು ಹಂಫ್ರಿ ಇವಾನ್ಸ್. ಗೋಪಿನಾಥರ ಆತ್ಮಕಥೆಯೂ 2009ರಲ್ಲಿ ಮೊದಲು ಬೆಳಕು ಕಂಡದ್ದು ಇಂಗ್ಲಿಷಿನಲ್ಲಿಯೇ. ಕನ್ನಡದಲ್ಲಿ ಯೋಧರ ಕಥನಗಳು ಇಲ್ಲವೆಂದಲ್ಲ. ಆದರೆ ಸೇವೆಯ ಭಾಷೆ ಬೇರೆಯಾಗಿರುವಾಗ ನೆನಪಿನ ಭಾಷೆಯೂ ಬೇರೆಯಾಗಿಬಿಡುವ ಅಪಾಯವುಂಟು. ಸೈನಿಕರೊಡನೆ ಹಿಂದಿ, ಕಡತಗಳಲ್ಲಿ ಇಂಗ್ಲಿಷ್, ಮನೆಯಲ್ಲಿ ಮಕ್ಕಳ ಶಾಲೆಯ ಮಾತು. ನಿವೃತ್ತರಾದಾಗ ಈ ಹಿರಿಯರಿಗೆ ದಂಡಿನ ಒಂದು ದಿನವನ್ನು ಕನ್ನಡದಲ್ಲಿ ಹೇಳಲು ಪದಗಳು ಸಿಗಲಿಲ್ಲ. ಮೊಮ್ಮಗಳು ಕೇಳಿದ ಕಥೆಯನ್ನು ಅವರು ಇಂಗ್ಲಿಷಿನಲ್ಲಿ ಹೇಳಿದರು. ಹೇಳಿ ಮುಗಿಸಿದ ಮೇಲೆ ಅದು ಇನ್ನಾರದೋ ಕಥೆಯಂತೆ ಕೇಳಿಸಿತು.

ತಾಯಿ ತೀರಿಕೊಂಡ ಬಳಿಕ ಊರಿನ ಮನೆಯಿಂದ ಒಂದು ತಗಡಿನ ಪೆಟ್ಟಿಗೆ ಸೀವುಡ್ಸ್‌ಗೆ ಬಂದಿತು. ಅದರಲ್ಲಿ ಅವರು ಬರೆದ ನೀಲಿ ಇನ್‌ಲ್ಯಾಂಡ್ ಕಾಗದಗಳು ವರ್ಷವಾರು ಕಟ್ಟಿಟ್ಟಿದ್ದವು. 1990ರ ದಶಕದಲ್ಲಿ ಊರಿಗೆ ದೂರವಾಣಿ ಬರುತ್ತಲೇ ಕಾಗದಗಳು ನಿಂತಿವೆ. ಓದಬಾರದ ಕೈ ಅವನ್ನು ಅಷ್ಟು ಕ್ರಮವಾಗಿ ಕಾಪಾಡಿತ್ತು. ಪ್ರತಿಯೊಂದರಲ್ಲಿಯೂ ಮಳೆ, ಬೆಳೆ, ದನಕರು, ಹಬ್ಬ. ಯುದ್ಧ ಒಂದರಲ್ಲಿಯೂ ಇಲ್ಲ. ಯುದ್ಧವನ್ನು ಹುಡುಕುವ ಇತಿಹಾಸಕಾರನಿಗೆ ಇವು ನಿಷ್ಪ್ರಯೋಜಕ. ಭಾಷೆಯ ವಿದ್ಯಾರ್ಥಿಗೆ ಹಾಗಲ್ಲ. ಹೇಳಬಾರದ್ದನ್ನು ಹೇಳದೆ ಪ್ರೀತಿಯನ್ನು ಮಾತ್ರ ದಾಟಿಸಿದ ಈ ಗದ್ಯ, ನಾಲ್ಕನೆಯ ಇಯತ್ತೆಯ ಒಂದು ಪಾಠ ಎಷ್ಟು ಭಾರವನ್ನು ಹೊರಬಲ್ಲದೆಂಬುದಕ್ಕೆ ಸಾಕ್ಷಿ.

ಕನ್ನಡ ವಿಭಾಗಗಳು ಶಾಸನಗಳನ್ನು ಓದಿವೆ, ಜನಪದರ ಹಾಡುಗಳನ್ನು ಸಂಗ್ರಹಿಸಿವೆ, ಓಲೆಗರಿಗಳನ್ನು ಹಳ್ಳಿಯ ಅಟ್ಟಗಳಿಂದ ಇಳಿಸಿ ತಂದಿವೆ. ಯೋಧರ ಕಾಗದಗಳಿಗೂ ಅಂಥ ಕೈಗಳು ಬೇಕಾಗಿವೆ. ಕಾಗದದ ಮಡಿಕೆಗಳು ಬಿರಿಯುತ್ತಿವೆ, ಶಾಯಿ ಮಾಸುತ್ತಿದೆ. ಅದಕ್ಕಿಂತಲೂ ತುರ್ತಾದದ್ದು ಇನ್ನೊಂದಿದೆ. ‘ಉಭಯ’ ಎಂಬ ಮಾತಿಗೆ ಎರಡು ಕಡೆಗಳಿರಬೇಕು; ಪೆಟ್ಟಿಗೆಯಲ್ಲಿರುವುದು ಒಂದೇ ಕಡೆ. ತಾಯಿ ನುಡಿದು ಮಾಸ್ತರರು ಬರೆದ ಉತ್ತರಗಳು ಶಿಬಿರದಿಂದ ಶಿಬಿರಕ್ಕೆ ಸಾಗುವ ಯೋಧನ ಚೀಲದಲ್ಲಿ ಉಳಿಯಲಿಲ್ಲ. ಅವುಗಳಲ್ಲಿ ಏನಿತ್ತೆಂಬುದನ್ನು, ಖಾಲಿ ಬಿಟ್ಟ ಸ್ಥಳದ ಹೆಸರು ಯಾವುದೆಂಬುದನ್ನು ಬಲ್ಲವರು ಈಗ ಅವರೊಬ್ಬರೇ. ಕನ್ನಡದಲ್ಲಿ ಕೇಳಿದರೆ, ಪದಗಳಿಗಾಗಿ ತಡವರಿಸುತ್ತಲಾದರೂ ಅವರು ಹೇಳುತ್ತಾರೆ.